ಆನೆ ಪಿಟೀಲಿನ ಜೀವಕಡ್ಡಿ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ನಿಂತು ನಜೀಬುಲ್ಲಾ ಅವರ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಆನೆ ಪಿಟೀಲಿನ ಮನೆ ಎಂದರೆ ಸಾಕು, ಮಗ್ಗದ ಮುಂದೆ ನಿಂತವನು ತಲೆ ಎತ್ತದೆಯೇ ಕೈ ತೋರಿಸುತ್ತಾನೆ. ಎರಡೇ ಕೋಣೆಯ ಮನೆ. ಅದರಲ್ಲಿ ಬಿಸಿಲು ಬೀಳದ, ಒಲೆಯ ಕಾವು ತಾಗದ ಒಳ್ಳೆಯ ಮೂಲೆ ಒಂದೇ ಒಂದು. ಆ ಮೂಲೆಯಲ್ಲಿ ಡಬಲ್ ಬೇಸ್ ನಿಂತಿದೆ. ಫ್ರಿಜ್ಜು ಜಗುಲಿಗೆ ಹೋಗಿದೆ.

ಡಬಲ್ ಬೇಸ್ ಎಂದರೆ ಪಿಟೀಲಿನ ಬಳಗದಲ್ಲೇ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ತಗ್ಗಿನ ದನಿಯದು. ನಿಂತುಕೊಂಡೇ ನುಡಿಸಬೇಕು. ನಜೀಬುಲ್ಲಾ ಐದೂವರೆ ಅಡಿ, ವಾದ್ಯ ಆರು ಅಡಿ. ಹಿಂದಿನಿಂದ ನೋಡಿದರೆ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಗೊತ್ತಾಗುವುದಿಲ್ಲ. ಈಗ ಅವರಿಗೆ ಅರವತ್ತೈದು. ಪ್ರತಿದಿನ ಬೆಳಗ್ಗೆ ಚಹಾ ಕುಡಿದ ಮೇಲೆ ಹಳೆಯ ಮಲ್ಲು ಪಂಚೆಯ ತುಂಡೊಂದನ್ನು ತೆಗೆದುಕೊಂಡು ತಂತಿಗಳ ಕೆಳಗೆ ಉದುರಿದ ರಾಳದ ಪುಡಿಯನ್ನು ಒರೆಸುತ್ತಾರೆ. ಕಮಾನಿಗೆ ಹಚ್ಚುವ ರಾಳ ಹಾಗೇ ಬಿಟ್ಟರೆ ಮೆರುಗನ್ನು ತಿಂದುಹಾಕುತ್ತದೆ. ಆಮೇಲೆ ತಂತಿಗಳನ್ನು ಹೊತ್ತು ನಿಂತ, ಕುದುರೆ ಎಂಬ ಮರದ ತುಂಡು ಒಂದು ಕೂದಲೆಳೆಯಷ್ಟು ಮುಂದಕ್ಕೆ ವಾಲಿದೆಯೇ ಎಂದು ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ಕೊನೆಗೆ ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಟಕ್ ಟಕ್ ಎಂದು ತಟ್ಟುತ್ತಾ ಬರುತ್ತಾರೆ. ಅಂಟು ಬಿಟ್ಟ ಕಡೆ ಸದ್ದು ಬೇರೆಯಾಗುತ್ತದೆ ಎನ್ನುತ್ತಾರೆ. ಇಷ್ಟಾಗುವ ತನಕ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸಬಾರದು.

ಇದೆಲ್ಲ ಅವರಿಗೆ ಕಲಿಸಿದವರು ಮುನಿಶಾಮಪ್ಪ. ನಜೀಬುಲ್ಲಾ ಹದಿನೆಂಟರ ವಯಸ್ಸಿಗೆ ಅಪ್ಪನ ಮಗ್ಗ ಬಿಟ್ಟು ಬೆಂಗಳೂರಿನ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋಗೆ ಮೈಕು, ವೈರು ಹೊರುವ ಕೆಲಸಕ್ಕೆ ಹೋದರು. ಅಲ್ಲಿ ಬೇಸ್ ನುಡಿಸುತ್ತಿದ್ದವರು ಈ ಹೊಸಕೋಟೆಯ ಮುನಿಶಾಮಪ್ಪ. ಮೊದಲ ದಿನ ಹುಡುಗ ಗಾಜಿನ ಆಚೆ ನಿಂತು ಕೇಳಿದ. ಪಿಟೀಲು ಕೇಳಿಸಿತು, ಕೊಳಲು ಕೇಳಿಸಿತು, ಆ ದೊಡ್ಡ ವಾದ್ಯ ಮಾತ್ರ ಎಲ್ಲೂ ಕೇಳಿಸಲಿಲ್ಲ. ನಡುವೆ ಮುನಿಶಾಮಪ್ಪನವರಿಗೆ ಕೆಮ್ಮು ಬಂದು ನಾಲ್ಕು ಕ್ಷಣ ಕೈ ನಿಲ್ಲಿಸಿದಾಗ ಇಡೀ ಹಾಡಿನ ಕಾಲ ಕೆಳಗಿನ ನೆಲವೇ ಹೋದಂತಾಯಿತು. ಹುಡುಗ ಅಲ್ಲೇ ಸೋತ. ಮಗ್ಗದೂರಿನವನಿಗೆ ಅದು ಹೊಸದೇನಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಗೆ ಯಾವ ಕೂಸೂ ಏಳುವುದಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತರೆ ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳುತ್ತವೆ.

ಒಂಬತ್ತು ವರ್ಷ ಕಲಿತರು, ನುಡಿಸಿದರು. ಅಷ್ಟರಲ್ಲಿ ಕೀಬೋರ್ಡ್ ಬಂತು. ಒಂದು ಬೆರಳು ಒತ್ತಿದರೆ ಡಬಲ್ ಬೇಸಿನ ಥರದ್ದೇ ಒಂದು ಸದ್ದು ಬರುವಾಗ ಆರಡಿಯ ಮರಕ್ಕೆ ಜಾಗ ಕೊಡುವವರು ಯಾರು? ಸ್ಟುಡಿಯೋ ಮುಚ್ಚುವ ದಿನ ಮಾಲೀಕರು, ಹೊತ್ತುಕೊಂಡು ಹೋಗೋಕಾದ್ರೆ ಹೋಗಪ್ಪಾ ಎಂದರು. ರೇಷ್ಮೆ ನೂಲಿನ ಮೂಟೆ ತುಂಬಿದ ಲಾರಿಯ ಮೇಲೆ ಮಲಗಿಸಿಕೊಂಡು ನಜೀಬುಲ್ಲಾ ಅದನ್ನು ಊರಿಗೆ ತಂದರು. ಅದಾಗಿ ಮೂರೇ ವಾರಕ್ಕೆ ಫರೀದಾ ಆ ಮನೆಗೆ ಸೊಸೆಯಾಗಿ ಬಂದಳು. ಬಂದವಳಿಗೆ ಗಂಡ ಹೇಳಿದ ಮೊದಲ ಮಾತು, "ಅದನ್ನ ಮುಟ್ಬೇಡ." ಮೂವತ್ತೆಂಟು ವರ್ಷ ಅವಳು ಅದರ ಪಕ್ಕದಲ್ಲಿ ಕಸ ಗುಡಿಸಿದಳೇ ಹೊರತು ಅದನ್ನು ಮುಟ್ಟಿದ್ದನ್ನು ನಜೀಬುಲ್ಲಾ ನೋಡಲಿಲ್ಲ.

ಹೊಟ್ಟೆಪಾಡು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಡೆಯಿತು. ತಗಡು ಒತ್ತುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್. ಪಾಳಿ ಮುಗಿಸಿ ಬಂದು ಕೈ ತೊಳೆದು ಅರ್ಧ ಗಂಟೆಯಾದರೂ ಬೇಸ್ ನುಡಿಸದೆ ಊಟಕ್ಕೆ ಕೂತವರಲ್ಲ. ನಿವೃತ್ತರಾದ ಮೇಲೆ ಅದೃಷ್ಟ ತಡವಾಗಿ ಬಾಗಿಲು ತಟ್ಟಿತು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ದಾರಿಯಲ್ಲಿರುವ ಒಂದು ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸಂಗೀತವಿರುತ್ತದೆ. ಪಿಯಾನೋ ನುಡಿಸುವ ರವಿಚಂದ್ರ ಎಂಬ ಯುವಕ ನಿಜವಾದ ಡಬಲ್ ಬೇಸ್ ಇರುವವರನ್ನು ಹುಡುಕಿಕೊಂಡು ಇವರ ಮನೆಗೇ ಬಂದ. ಅಂದಿನಿಂದ ಪ್ರತಿ ಭಾನುವಾರ ಫರೀದಾಳ ತಮ್ಮ, ಮಗ್ಗ ರಿಪೇರಿಯ ಅಜರ್, ತನ್ನ ಲಗೇಜ್ ಆಟೋದಲ್ಲಿ ವಾದ್ಯಕ್ಕೆ ಹಾಸಿಗೆ ಹಾಸಿ ಕರೆದುಕೊಂಡು ಹೋಗುತ್ತಾನೆ. ಉಣ್ಣುವವರು ಉಣ್ಣುತ್ತಿರುತ್ತಾರೆ, ಫೋನ್ ನೋಡುವವರು ನೋಡುತ್ತಿರುತ್ತಾರೆ. ನಜೀಬುಲ್ಲಾ ಅವರಿಗೆ ಅದರ ಚಿಂತೆಯಿಲ್ಲ. ವಾರದ ಆರು ದಿನ ಅವರು ಬದುಕುವುದು ಆ ಎರಡು ಗಂಟೆಗಾಗಿ. ಅದು ಹೋದರೆ ತಮ್ಮ ಪಾಲಿಗೆ ಉಳಿಯುವುದು ಜಗುಲಿ ಮತ್ತು ಫ್ರಿಜ್ಜು ಎಂದು ಅವರೇ ಹೇಳುತ್ತಾರೆ.

ಮಗ್ಗಗಳ ನಡುವೆ ಇಂಥ ವಾದ್ಯ ಸಾಕುವುದು ಸುಲಭವಲ್ಲ. ಇದರ ಹೊಟ್ಟೆಯೊಳಗೆ, ಮುಂದಿನ ಹಲಗೆಗೂ ಬೆನ್ನಿನ ಹಲಗೆಗೂ ನಡುವೆ, ಹೆಬ್ಬೆರಳು ದಪ್ಪದ ಒಂದು ಕಡ್ಡಿ ನಿಂತಿರುತ್ತದೆ. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಬಿಗಿದ ತಂತಿಗಳ ಒತ್ತಡದಲ್ಲೇ ಅದು ನಿಂತಿರಬೇಕು. ತಂತಿಯ ನಡುಕ ಬೆನ್ನಿಗೆ ಇಳಿಯುವುದು ಅದರ ಮೂಲಕ. ಒಂದು ಕಾಳಿನಷ್ಟು ಸರಿದರೂ ದನಿ ಮಂಕಾಗುತ್ತದೆ. ಮುನಿಶಾಮಪ್ಪ ಅದನ್ನು ಜೀವಕಡ್ಡಿ ಎನ್ನುತ್ತಿದ್ದರು. ಪಕ್ಕದ ಮನೆಯ ಎಂಟು ಮಗ್ಗಗಳು ಹಗಲೆಲ್ಲ ನೆಲ ಕುಲುಕಿಸಿ ಎರಡು ಮೂರು ವರ್ಷಕ್ಕೊಮ್ಮೆ ಆ ಕಡ್ಡಿಯನ್ನು ಸರಿಸಿಬಿಡುತ್ತವೆ. ಆಗ ನಜೀಬುಲ್ಲಾ ವಾದ್ಯವನ್ನು ಚಾಪೆಯ ಮೇಲೆ ಮಲಗಿಸಿ, ಬಾಗಿಸಿದ ಕಂಬಿಯನ್ನು ಮುಂದಿನ ಹಲಗೆಯ ಎರಡು ಸೀಳುಗಂಡಿಗಳಲ್ಲಿ ಒಂದರೊಳಗೆ ತೂರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬೈಯಲಾಗದೆ ಗುರುಗುಟ್ಟುತ್ತಾ ಅದನ್ನು ಸ್ವಸ್ಥಾನಕ್ಕೆ ತಳ್ಳುತ್ತಾರೆ. ಬೇಸಿಗೆಯದು ಇನ್ನೊಂದು ತೊಂದರೆ, ಮರ ಒಣಗುತ್ತದೆ. ರೇಷ್ಮೆ ಎಳೆ ಕಡಿಯದಿರಲಿ ಎಂದು ನೇಕಾರರು ಮಗ್ಗದ ಮನೆಯಲ್ಲಿ ಒದ್ದೆ ಗೋಣಿ ನೇತುಹಾಕುವಂತೆ ಇವರೂ ವಾದ್ಯದ ಮೂಲೆಯಲ್ಲಿ ಒಂದು ಒದ್ದೆ ಗೋಣಿ ತೂಗುಹಾಕುತ್ತಾರೆ. ಅಪ್ಪನಿಂದ ಬಂದ ಬುದ್ಧಿ ಅದೊಂದೇ.

ಕಳೆದ ಏಪ್ರಿಲ್‌ನಲ್ಲಿ ನಜೀಬುಲ್ಲಾ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಲವತ್ತು ದಿನ ನೂಲಿನ ಧೂಳು ತಾಗಬಾರದೆಂದು ಡಾಕ್ಟರು ಹೇಳಿದ್ದಕ್ಕೆ ಸೂಲಿಬೆಲೆಯಲ್ಲಿ ಮಗಳು ಫರ್ಹಾಳ ಮನೆಯಲ್ಲಿ ಉಳಿದರು. ಫರೀದಾ ಮೊದಲ ಎಂಟು ದಿನ ಜೊತೆಗಿದ್ದು, ಒಪ್ಪಿಕೊಂಡ ಕೆಲಸವಿದ್ದುದರಿಂದ ಹಿಂತಿರುಗಿದಳು. ಅವಳ ಕೆಲಸ ಅಚ್ಚು ಕೆಚ್ಚುವುದು, ಅಂದರೆ ಮಗ್ಗದಲ್ಲಿ ಮುಗಿಯುತ್ತಾ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುವುದು. ಸಾವಿರಾರು ಎಳೆ. ಕೂಡಿಸಿದ ಜಾಗ ಕಣ್ಣಿಗೆ ಕಾಣಬಾರದು, ಕೈಗೂ ಸಿಗಬಾರದು. ಕೈಯಲ್ಲಿ ಎಳೆ ಕಡಿದರೆ ನೇಯುವವನಿಗೆ ಗೊತ್ತಾಗುವ ಮೊದಲೇ ಸೇರಿಸಿಬಿಡಬೇಕು. ಅದು ಆ ಕಸುಬಿನ ಮಾನ.

ಜೂನ್ ಹೊತ್ತಿಗೆ ನಜೀಬುಲ್ಲಾ ಮನೆಗೆ ಬಂದು, ಕಮಾನು ತೆಗೆದು, ಕೆಳಗಿನ ತಂತಿಯ ಮೇಲೆ ಒಮ್ಮೆ ಎಳೆದು, ಹಾಗೇ ನಿಂತುಬಿಟ್ಟರು. ದನಿ ಅವರ ಎದೆಗೂಡಿನೊಳಗೆ ಹೊಕ್ಕಿತ್ತು. ಎಷ್ಟೋ ವರ್ಷದಿಂದ ವಾದ್ಯ ಹೀಗೆ ಮಾತಾಡಿರಲಿಲ್ಲ. ಭಾನುವಾರ ರವಿಚಂದ್ರ ಪಿಯಾನೋ ಬಿಟ್ಟು ಎದ್ದು ಬಂದ.

"ಏನ್ ಮಾಡಿದ್ರಿ ಸಾರ್ ಇದಕ್ಕೆ? ಬೇರೆ ಬೇಸ್ ತಂದಂಗಿದೆ."

ನಜೀಬುಲ್ಲಾ ಅವರಿಗೆ ಇಷ್ಟು ಸಾಕಾಗಿತ್ತು. ಮರಕ್ಕೂ ವಿಶ್ರಾಂತಿ ಬೇಕು, ನಲವತ್ತು ದಿನ ಮೌನವಾಗಿ ಬಿಟ್ಟರೆ ಅದು ತನ್ನ ದನಿಯನ್ನು ತಾನೇ ಹುಡುಕಿಕೊಳ್ಳುತ್ತದೆ, ಇದೆಲ್ಲ ನಿಮ್ಮ ಕಾಲದವರಿಗೆ ತಿಳಿಯುವುದಿಲ್ಲ ಎಂದು ಅರ್ಧ ಗಂಟೆ ಭಾಷಣ ಬಿಗಿದರು. ಮುಂದಿನ ಎಂಟು ತಿಂಗಳು ಸಿಕ್ಕಸಿಕ್ಕವರಿಗೆಲ್ಲ ಇದೇ ಭಾಷಣ. ಫರೀದಾ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದಳು. 

ಫೆಬ್ರವರಿಯ ಒಂದು ಮಧ್ಯಾಹ್ನ ಮೂಲೆಯಿಂದ ಒಣಕಟ್ಟಿಗೆ ಮುರಿದಂಥ ಸದ್ದು ಬಂತು. ವಾದ್ಯದ ಮುಂದಿನ ಹಲಗೆ ಕೆಳಗಿನ ಅಂಚಿನಿಂದ ಒಂದು ಗೇಣು ಮೇಲಕ್ಕೆ ಸೀಳಿತ್ತು. ನಜೀಬುಲ್ಲಾ ಮಂಡಿಯೂರಿ ಕೂತು, ಹೊಸ ಕಣ್ಣಿನಿಂದ ಅಂಚನ್ನು ನೋಡಿದರು. ಸೀಳು ಹೊರಟ ಜಾಗದಲ್ಲಿ ಹಲಗೆ ಮತ್ತು ಪಕ್ಕೆಯ ನಡುವೆ ಗಾಜಿನಂತೆ ಹೊಳೆಯುವ ಒಂದು ಗೆರೆ ಇತ್ತು. ಉಗುರಿನಿಂದ ಕೆರೆದರು. ಅಂಗಡಿಯಲ್ಲಿ ಸಿಗುವ ಬಡಗಿಗಳ ಬಿಳಿ ಗೋಂದು. ಎಂಟು ತಿಂಗಳು ದಿನಾ ಬೆಳಗ್ಗೆ ಒರೆಸಿ, ತಟ್ಟಿ, ಒಂದೇ ಕಣ್ಣಲ್ಲಿ ನೋಡಿದ ಮಹಾನುಭಾವರಿಗೆ ಅದು ಈಗ ಕಂಡಿತು.

ಮೊದಲು ಅಜರ್‌ನನ್ನು ಕರೆಸಿದರು. ಅಂಥ ಗೋಂದು ಇರುವುದು ಅವನ ಡಬ್ಬಿಯಲ್ಲೇ.

"ನೀನೇನೋ ಹಚ್ಚಿದ್ದು?"

"ಹೂಂ ಭಾವ. ಬಿಟ್ಕೊಂಡಿತ್ತು. ಬಾಯಿ ತೆಗ್ದಿತ್ತು ಇಷ್ಟುದ್ದ."

"ಅವನಿಗೆ ಬೈಬೇಡಿ," ಎಂದಳು ಫರೀದಾ ಬಾಗಿಲಲ್ಲಿ ನಿಂತು. "ಹಚ್ಚು ಅಂದಿದ್ದು ನಾನು. ಸೂಲಿಬೆಲೇಲಿ ಇದ್ದ ಎಂಟು ದಿನ ಗೋಣಿಗೆ ನೀರು ಹಾಕೋರು ಇರ್ಲಿಲ್ಲ. ಬಂದು ನೋಡಿದ್ರೆ ಅಂಚು ಬಿಟ್ಬಿಟ್ಟಿತ್ತು. ನೀವು ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ರಿ, ಹೆಂಗೆ ಹೇಳ್ಲಿ? ಸೇರಿಸ್ಬಿಟ್ಟೆ."

ಆ ಮನೆಯಲ್ಲಿ ಮಾತು ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಮಾತ್ರ ನಜೀಬುಲ್ಲಾ ಪೂರ್ತಿ ಕನ್ನಡಕ್ಕೆ ಬರುತ್ತಾರೆ, ಬೀದಿಗೂ ತಿಳಿಯಲಿ ಎಂಬಂತೆ.

"ಬಿಡ್ಲಿ ಅಂತಾನೇ ಅದನ್ನ ಹಂಗೆ ಅಂಟ್ಸಿರ್ತಾರೆ! ಚಕ್ಕಳ ಕುದಿಸಿದ ಸರೇಸು ಅದು. ಮರ ಒಣಗಿ ಕುಗ್ಗಿದ್ರೆ ಅಂಚು ಬಿಟ್ಕೊಡುತ್ತೆ, ಹಲಗೆ ಉಳ್ಕೊಳ್ಳುತ್ತೆ. ನೀನು ಅಂಚನ್ನ ಕಲ್ಲು ಮಾಡ್ಬಿಟ್ಟೆ, ಹಲಗೆ ಸೀಳೋಯ್ತು. ಮುಟ್ಬೇಡ ಅಂದಿದ್ನಲ್ಲ! ಮೂವತ್ತೆಂಟು ವರ್ಷದಲ್ಲಿ ಒಂದು ಮಾತು ಕೇಳು ಅಂದ್ರೆ ಆಗ್ಲಿಲ್ಲ. ಕೊಂದ್ಬಿಟ್ಟೆ ನೀನು ಅದನ್ನ."

ಫರೀದಾ ಒಳಗೆ ಹೋದಳು. ಎರಡು ದಿನ ಊಟದ ತಟ್ಟೆ ಬಂತು, ಮಾತು ಬರಲಿಲ್ಲ. ನಜೀಬುಲ್ಲಾ ರವಿಚಂದ್ರನಿಗೆ ಫೋನ್ ಮಾಡಿ ಈ ವಾರ ಬರಲಾಗುವುದಿಲ್ಲ ಎಂದರು. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ: "ಒಂದು ತಿಂಗಳು ಬೇಸ್ ಗಿಟಾರ್‌ನವ್ರನ್ನ ಕರ್ಕೊಂತೀನಿ ಸಾರ್. ಅಷ್ಟರಲ್ಲಿ ಸರಿ ಹೋದ್ರೆ ಬನ್ನಿ. ಅದಕ್ಕಿಂತ ಜಾಸ್ತಿ ಹೋಟೆಲ್‌ನವ್ರು ಕಾಯಲ್ಲ." ನಜೀಬುಲ್ಲಾ ಫೋನ್ ಇಟ್ಟರು. ಸತ್ತರೂ ನಾನೇ ಸಾಯಿಸಬೇಕು, ಉಳಿದರೂ ನಾನೇ ಉಳಿಸಬೇಕು ಎಂದುಕೊಂಡು ವಾದ್ಯವನ್ನು ಚಾಪೆಯ ಮೇಲೆ ಮಲಗಿಸಿದರು.

ಮುಂದಿನ ಹಲಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿ ಇರಲಿಲ್ಲ. ಸರೇಸು ಇದ್ದ ಕಡೆಯೆಲ್ಲ ತೆಳ್ಳಗಿನ ಚಾಕು ಸುಮ್ಮನೆ ಜಾರಿಕೊಂಡು ಹೋಯಿತು. ಆ ಒಂದು ಗೇಣು ಬಿಳಿ ಗೋಂದು ಮಾತ್ರ ಬಿಸಿ ವಿನಿಗರ್ ಅದ್ದಿದ ಬಟ್ಟೆಗೂ ಮೂರು ದಿನ ಜಗ್ಗಲಿಲ್ಲ. ನಾಲ್ಕನೆಯ ದಿನ ಹಲಗೆ ಎದ್ದಿತು. ಒಳಗೆ ಮೂವತ್ತೆಂಟು ವರ್ಷದ ನೂಲಿನ ಧೂಳು, ಒಂದು ಜೇಡ, ಮತ್ತು ಬಿದ್ದುಕೊಂಡ ಜೀವಕಡ್ಡಿ.

ಕಡ್ಡಿಯ ನಡುವಿಗೆ ಎರಡೆಳೆ ರೇಷ್ಮೆ ಸುತ್ತಿತ್ತು, ಒಂದು ಹಸಿರು, ಒಂದು ಕೆಂಪು. ಗಂಟು ಹುಡುಕಿದರೆ ಸಿಗಲಿಲ್ಲ. ಅಂಥ ಗಂಟು ಹಾಕುವ ಕೈ ಆ ಮನೆಯಲ್ಲಿ ಒಂದೇ.

ನಜೀಬುಲ್ಲಾ ಟಾರ್ಚು ಹಿಡಿದು ಬೆನ್ನಿನ ಹಲಗೆಯನ್ನು ನೋಡಿದರು. ಕಡ್ಡಿ ಊರಿ ಊರಿ ಬಿದ್ದ ದುಂಡು ಗುರುತುಗಳು ಅಲ್ಲಿದ್ದವು. ಮೊದಲನೆಯದು ಮುನಿಶಾಮಪ್ಪನವರ ಕಾಲದ್ದು, ಕಪ್ಪಗೆ ಆಳವಾಗಿತ್ತು. ಅದರಿಂದ ಒಂದೊಂದು ಕಾಳಿನಷ್ಟು ದೂರ ಸರಿಯುತ್ತಾ ಹೋದ ಗುರುತುಗಳೆಲ್ಲ ತಾವೇ ಕಡ್ಡಿ ನಿಲ್ಲಿಸಿದಾಗಿನವು. ಅವುಗಳಲ್ಲಿ ಕೊನೆಯದು ಒಂದು ಬೆರಳಗಲ ಆಚೆ ಇತ್ತು. ಎಲ್ಲಕ್ಕಿಂತ ಹೊಸದಾದ, ಮರದ ಬಿಳುಪು ಇನ್ನೂ ಮಾಸದ ಗುರುತು ಮಾತ್ರ ಮುನಿಶಾಮಪ್ಪನವರ ಗುರುತಿನ ಮೇಲೆಯೇ ಕೂತಿತ್ತು.

ಅವರು ಆ ಗುರುತನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಫರೀದಾಳನ್ನು ಕರೆದರು.

"ಈ ಕಡ್ಡಿ ಯಾವಾಗ ಬಿದ್ದಿತ್ತು?"

ಫರೀದಾ ಬಂದು ಬಾಗಿಲ ಹತ್ತಿರವೇ ನಿಂತಳು. "ಅವತ್ತೇ. ಅಜರ್ ಅಂಚು ಬಿಗಿಯೋಕೆ ಅಂತ ತಂತಿ ಎಲ್ಲಾ ಸಡಿಲ ಮಾಡ್ಬಿಟ್ಟ. ಒಳಗೆ ಟಕ್ ಅಂತು. ಗೋಂದು ಹಚ್ಚಿ ಬಿಗಿದವ್ನೇ ಹೆದ್ರಿ ಓಡೋದ."

"ನಿಲ್ಲಿಸಿದ್ದು?"

"ಮೂರು ದಿನ ಆಯ್ತು ನಿಲ್ಸೋಕೆ. ನಿಮ್ಮ ಕಂಬಿ ನನ್ಗೆ ಬರ್ಲಿಲ್ಲ. ಎರಡು ಎಳೆ ಕಟ್ಟಿ, ಈ ಕಂಡಿಯಿಂದ ಒಂದು, ಆ ಕಂಡಿಯಿಂದ ಒಂದು ಹಿಡಿದು ಎಳ್ಕೊಂಡೆ. ನಿಂತ್ಮೇಲೆ ತಂತಿ ಮೀಟಿ ಮೀಟಿ ನೋಡ್ದೆ. ಮಗ್ಗದ ಸದ್ದಲ್ಲಿ ಏನೂ ತಿಳೀತಿರ್ಲಿಲ್ಲ. ಮೂರನೇ ದಿನ ಲೈನ್ ಕೆಲ್ಸಕ್ಕೆ ಕರೆಂಟ್ ತೆಗ್ದಿದ್ರು ನೋಡಿ, ಆಗ ಸರಿ ಹೋಯ್ತು."

"ಸರಿ ಹೋಯ್ತು ಅಂತ ಹೆಂಗೆ ಗೊತ್ತಾಯ್ತು ನಿನಗೆ?"

"ಮದ್ವೆ ಆದ ಹೊಸದ್ರಲ್ಲಿ ಹಂಗೇ ಇತ್ತಲ್ಲ. ಅಡುಗೆಮನೇಲಿ ನಿಂತ್ರೆ ದನಿ ಪಾತ್ರೆಗೆಲ್ಲ ತಾಕಿ ಗುಂಯ್ ಅಂತಿತ್ತು. ಆಮೇಲಾಮೇಲೆ ಹೋಗ್ಬಿಡ್ತು. ನೀವು ಸರಿ ಮಾಡ್ದಾಗೆಲ್ಲ ಸ್ವಲ್ಪ ಸ್ವಲ್ಪ ಹೋಯ್ತು."

ಇಪ್ಪತ್ತೆಂಟು ವರ್ಷ ತಗಡು ಒತ್ತುವ ಯಂತ್ರದ ಪಕ್ಕದಲ್ಲಿ ನಿಂತ ಕಿವಿ. ನಜೀಬುಲ್ಲಾ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಟೀವಿಯ ದನಿ ಏರಿಸುವಾಗ, ಫೋನಿನಲ್ಲಿ ಎರಡು ಸಲ ಕೇಳುವಾಗ ಗೊತ್ತಾಗುತ್ತಿತ್ತು. ಆದರೆ ಸಂಗೀತದ ಕಿವಿ ಬೇರೆ, ಅದಕ್ಕೇನೂ ಆಗಿಲ್ಲ ಎಂದು ನಂಬಿಕೊಂಡಿದ್ದರು. ಈಗ ಗುರುತುಗಳು ಮರದ ಮೇಲೆಯೇ ಇದ್ದವು, ಒಂದಾದ ಮೇಲೊಂದು.

"ನನ್ನ ಕಿವಿ ಹೋಗಿದೆ ಅಂತ ನಿನಗೆ ಯಾವಾಗಿಂದ ಗೊತ್ತು?"

"ಫ್ಯಾಕ್ಟರಿ ಬಿಡೋಕೆ ಮುಂಚೆಯಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಾರ್ಸೋದು ಬಿಟ್ಬಿಡ್ತಿದ್ರಿ," ಎಂದಳು ಫರೀದಾ.

ಅವರಿಗೆ ಅಳು ಬಂತು, ಅತ್ತರು. ಹೊಸ ಕಣ್ಣಿಗೆ ಒಳ್ಳೆಯದಲ್ಲ ಎಂದು ಅವಳು ಸೆರಗು ಕೊಟ್ಟಳು.

ಆಮೇಲಿನ ಎರಡು ವಾರ ಆ ಮುಂದಿನ ಕೋಣೆ ಸರೇಸಿನ ವಾಸನೆಯಿಂದ ನಾರುತ್ತಿತ್ತು. ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಡಬ್ಬಿಯಿಟ್ಟು ಕರಗಿಸಿ, ಸೀಳಿಗೆ ತುಂಬಿ, ಒಳಗಿನಿಂದ ಬೆಂಕಿಪೆಟ್ಟಿಗೆಯಷ್ಟಗಲದ ಮರದ ಬಿಲ್ಲೆಗಳನ್ನು ಅಡ್ಡಡ್ಡಲಾಗಿ ಅಂಟಿಸಿದರು. ಬಿಲ್ಲೆ ಕೂರಿಸುವಾಗ ಸೀಳಿನ ಎರಡು ಬದಿ ಮಟ್ಟವಾಗಿದೆಯೇ ಎಂದು ಫರೀದಾ ಬೆರಳಾಡಿಸಿ ನೋಡಿದಳು. ಎರಡು ಸಲ, ಇಲ್ಲ ಎಂದಳು. ಎರಡು ಸಲವೂ ಬಿಚ್ಚಿ ಮತ್ತೆ ಅಂಟಿಸಿದರು. ಅಂಚು ಕೂಡಿಸುವಾಗ ನಜೀಬುಲ್ಲಾ ಸರೇಸನ್ನು ಎಷ್ಟು ತೆಳ್ಳಗೆ ಹಚ್ಚಬೇಕೆಂದು ತೋರಿಸಿದರು. "ಇಷ್ಟೇನಾ? ಬಿಟ್ಕೊಳ್ಳಲ್ವಾ?" ಎಂದು ಅವಳು ಕೇಳಿದಾಗ, "ಬಿಟ್ಕೊಳ್ಲಿ, ಮತ್ತೆ ಅಂಟ್ಸೋಣ," ಎಂದರು.

ಕಡ್ಡಿ ನಿಲ್ಲಿಸುವುದು ಉಳಿಯಿತು. ಗುರುತಿನ ಮೇಲೆ ನಿಲ್ಲಿಸಿದರೆ ಮುಗಿಯಿತಲ್ಲ ಎಂದರೆ ಮುಗಿಯುವುದಿಲ್ಲ. ಬಿಲ್ಲೆ ಹಚ್ಚಿದ ಹಲಗೆಯ ಬಿಗಿತವೇ ಬೇರೆ, ಹೊಸದಾಗಿ ಹುಡುಕಬೇಕು. ಇಬ್ಬರೂ ಗುರುವಾರಕ್ಕೆ ಕಾದರು. ಅಂದು ಬೆಳಗ್ಗೆ ಹತ್ತರಿಂದ ಕರೆಂಟ್ ಇರುವುದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಹತ್ತಕ್ಕೆ ಸರಿಯಾಗಿ ಬೀದಿಯ ಮಗ್ಗಗಳೆಲ್ಲ ನಿಂತವು. ಎಲ್ಲೋ ಒಂದು ಕೂಸು ಅಳತೊಡಗಿತು.

ಫರೀದಾ ಎಳೆಗಳೆರಡನ್ನು ಎರಡು ಕಂಡಿಯಿಂದ ಎಳೆದು ಕಡ್ಡಿಯನ್ನು ನಿಲ್ಲಿಸಿದಳು. ನಜೀಬುಲ್ಲಾ ತಂತಿ ಬಿಗಿದು, ವಾದ್ಯವನ್ನು ಎತ್ತಿ ನಿಲ್ಲಿಸಿ ಮೀಟಿದರು. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳ ಹತ್ತಿರ ನಿಂತಳು.

"ಇಲ್ಲ," ಎಂದಳು ಅಲ್ಲಿಂದಲೇ.

ಮತ್ತೆ ಸಡಿಲಿಸಿದರು, ಮಲಗಿಸಿದರು, ಅವಳು ಎಳೆ ಜಗ್ಗಿದಳು. ಮತ್ತೆ ಮೀಟಿದರು. ಇಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಅವಳು ಬಾಗಿಲಿಗೆ ಬಂದು ಒಂದು ಕ್ಷಣ ತಲೆ ಓರೆ ಮಾಡಿ ಕೇಳಿ, "ಸಾಕು. ಇನ್ನು ಅಲ್ಲಾಡಿಸ್ಬೇಡಿ," ಎಂದಳು.

ನಜೀಬುಲ್ಲಾ ಇನ್ನೊಮ್ಮೆ ಮೀಟಿದರು. ಅದಕ್ಕೂ ಹಿಂದಿನ ಸಲಕ್ಕೂ ಅವರ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ವಾದ್ಯದ ಬೆನ್ನಿಗೆ ಅಂಗೈ ಇಟ್ಟು ಮತ್ತೆ ಮೀಟಿದರು. ಅಂಗೈಗೆ ತಿಳಿಯಿತು. ಅಂಗೈ ಎತ್ತದೆ ಅವಳನ್ನು ಹತ್ತಿರ ಕರೆದು, ಅವಳ ಕೈ ಹಿಡಿದು ಪಕ್ಕದಲ್ಲಿ ಇರಿಸಿದರು.

ಭಾನುವಾರ ಹೋಟೆಲಿನಲ್ಲಿ ಮೊದಲ ಹಾಡು ಮುಗಿದದ್ದೇ ರವಿಚಂದ್ರ ತಿರುಗಿ ನೋಡಿ ನಕ್ಕ.

"ಬಂತಲ್ಲ ಸಾರ್ ವಾಪಸ್! ಈ ಸಲಾನೂ ವಿಶ್ರಾಂತಿ ಕೊಟ್ರಾ?"

ಭಾಷಣ ನಾಲಿಗೆಯ ತುದಿಯವರೆಗೂ ಬಂದಿತ್ತು. ಎಂಟು ತಿಂಗಳಲ್ಲಿ ಬಾಯಿಪಾಠವಾದ ಭಾಷಣ.

"ಇಲ್ಲ," ಎಂದರು ನಜೀಬುಲ್ಲಾ. "ಹೋದ್ಸಲ ಸುಳ್ಳು ಹೇಳಿದ್ದೆ ಕಣಪ್ಪಾ, ನನಗೇ ಗೊತ್ತಿಲ್ದೆ. ಇದನ್ನ ನಿಲ್ಲಿಸಿದ್ದು ನನ್ನ ಹೆಂಡತಿ. ನಾನು ಬಾರಿಸ್ತೀನಿ ಅಷ್ಟೆ." ಆಮೇಲೆ, ಅವನು ಮುಂದೆ ಏನೂ ಕೇಳದಿರಲೆಂದು, ಎರಡನೆಯ ಹಾಡು ಶುರು ಮಾಡಿಬಿಟ್ಟರು.